ಗುಮಾಸ್ತರ ಫೈಟರ್ ಮೀನು

ಮಕ್ಕಳೇ, ಬೆಟ್ಟದ ಮೇಲಿನ ಚಳಿಯೂರು ವೆಲ್ಲಿಂಗ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗುಮಾಸ್ತರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಯಾರು ಏನು ಹೇಳಿದರೂ ಕನ್ನಡಕ ಮೇಲೇರಿಸಿ, "ಅದ್ರಲ್ಲೇನಿದೆ ಮಹಾ!" ಎನ್ನುತ್ತಿದ್ದರು.

ಒಮ್ಮೆ ಕೊಯಮತ್ತೂರಿನಿಂದ ಗಾಜಿನ ಜಾಡಿಯಲ್ಲಿ ಕೆಂಪು ಫೈಟರ್ ಮೀನೊಂದನ್ನು ತಂದರು. ದಿನವೂ ಬೆಳಿಗ್ಗೆ ಹಳೆಯ ನೀರೆಲ್ಲ ಚೆಲ್ಲಿ, ಕೈ ಮರಗಟ್ಟುವಷ್ಟು ತಣ್ಣಗಿನ ಒರತೆ ನೀರು ತುಂಬುವರು. "ನಮ್ ಬೆಟ್ಟದ ನೀರು ಔಷಧಿ ಇದ್ದಂಗೆ. ಅದ್ರಲ್ಲೇನಿದೆ ಮಹಾ!" ಮೀನು ರೆಕ್ಕೆ ಮುದುರಿ ತಳ ಹಿಡಿಯಿತು. ಅದು ಸೋಮಾರಿತನವೆಂದು ತೀರ್ಮಾನಿಸಿ, ತನ್ನ ಬಿಂಬವನ್ನೇ ಎದುರಾಳಿಯೆಂದು ತಿಳಿದು ಅದು ಜಗಳಕ್ಕೆ ಏಳಲೆಂದು ಕ್ಷೌರದ ಕನ್ನಡಿ ಹಿಡಿದರು. ಮೀನು ಕದಲಲಿಲ್ಲ. ಜಾಡಿಯೆದುರು ಮೀಸೆ ತಿರುವುತ್ತಾ ಕೂತವರು ಗುಮಾಸ್ತರೊಬ್ಬರೇ.

ನಾಲ್ಕು ದಿನ ಊರಿಗೆ ಹೋಗುವಾಗ ಜಾಡಿಯನ್ನು ನನ್ನ ಕೈಗೆ ಕೊಟ್ಟರು. ಮೀನು ಸಾಕುವುದು ನನಗೇನು ಗೊತ್ತು? ಚಳಿಗೆ ನಾನೇ ಒಲೆ ಬಿಟ್ಟು ಏಳುತ್ತಿರಲಿಲ್ಲ. ಅದನ್ನೂ ಬಚ್ಚಲೊಲೆಯ ಬೆಚ್ಚನೆಯ ಗೋಡೆಗೂಡಿನಲ್ಲಿಟ್ಟೆ. ಜಾಡಿಯಿಂದ ದಿನಕ್ಕೊಂದು ಲೋಟ ನೀರು ಮಾತ್ರ ತೆಗೆದು, ಪಕ್ಕದಲ್ಲೇ ಚಳಿ ಬಿಡಲೆಂದು ಇಟ್ಟ ನೀರು ತುಂಬಿದೆ. ಮೂರನೆಯ ದಿನ ಅದು ರೆಕ್ಕೆ ಬಿಚ್ಚಿ, ಜಾಡಿಯ ತುಂಬ ಸುತ್ತಿತು.

ಗುಮಾಸ್ತರು ಮರಳಿ ಬಂದು ನಕ್ಕರು. "ಏನಮ್ಮಾ, ಮೀನಿಗೂ ಬೆಂಕಿ ಕಾಯಿಸ್ತೀಯಾ? ನಾಳೆ ಕಂಬಳಿನೂ ಹೊದಿಸು!" ಕೈಯಲ್ಲಿ ಆಗಲೇ ಒರತೆ ನೀರಿನ ಚೊಂಬು ಇತ್ತು.

ಗಂಡಸರೆದುರು ತಲೆಯೆತ್ತದ ನಾನು ಜಾಡಿಯ ಬಾಯಿಗೆ ಅಂಗೈ ಮುಚ್ಚಿದೆ.

"ಬೇಡ ಅಣ್ಣಾ. ಸತ್ತೋಗುತ್ತೆ."

"ಅಯ್ಯೋ, ಕೈ ತೆಗಿಯಮ್ಮಾ."

ನಾನು ತೆಗೆಯಲಿಲ್ಲ. ಬಗ್ಗಿ, ರೆಕ್ಕೆ ಬಿಚ್ಚಿ ಸುತ್ತುತ್ತಿದ್ದ ಮೀನನ್ನು ನೋಡಿದ ಗುಮಾಸ್ತರು ಕೊನೆಗೆ ಚೊಂಬಿನ ನೀರನ್ನು ತಾವೇ ಗಟಗಟ ಕುಡಿದು, ಜಾಡಿಯನ್ನು ವಾಪಸು ಕೇಳದೆ ಹೊರಟುಹೋದರು.