ಅರ್ಧ ದಾರಿಯ ವಿಭೂತಿ

ನಮ್ಮ ಯಜಮಾನರು ಕೊರಟಗೆರೆಗೆ ಹೋಗಲೇ ಇಲ್ಲ. ಅರ್ಧ ದಾರಿಯಲ್ಲಿದ್ದ ನನ್ನ ತವರುಮನೆಗೆ ಬಂದರು, ಬಿಸಿನೀರು ಹುಯ್ದುಕೊಂಡರು, ಉಂಡರು, ಒಂದು ನಿದ್ದೆ ತೆಗೆದು ವಾಪಸ್ ಹೋದರು. ನಡೆದದ್ದು ಇಷ್ಟೇ. ಮಧುಗಿರಿಯಲ್ಲಿ ಇವತ್ತಿಗೂ ಒಬ್ಬಿಬ್ಬರು ಮುದುಕರು, ಆ ಚಿತ್ತೆ ಮಳೆಯಲ್ಲಿ ಸೈಕಲ್ ತುಳಿದು ಕೊರಟಗೆರೆ ಮುಟ್ಟಿ ಮೊದಲು ಬಂದವರು ಅವರೇ ಎನ್ನುತ್ತಾರೆ. ನಾನು ಓದಿದ್ದು ಮೂರನೇ ಕ್ಲಾಸು. ಕಣ್ಣಿಗೆ ಕಂಡದ್ದನ್ನು ಹೇಳುವುದಕ್ಕೆ ಅಷ್ಟು ಸಾಕು.

ಆಗ ಮಹಾರಾಜರ ಕಾಲ. ಮಧುಗಿರಿಯಲ್ಲಿ ಎಣಿಸಿದರೆ ಹತ್ತು ಸೈಕಲ್ ಇರಲಿಲ್ಲ. ಇದ್ದವರೆಲ್ಲ ಸೇರಿ ಸೈಕಲ್ ಸಂಘ ಎಂದು ಒಂದನ್ನು ಕಟ್ಟಿಕೊಂಡಿದ್ದರು. ಭಾನುವಾರ ಕೋಟೆ ಹತ್ತಿರ ಸೇರುವುದು, ಚೈನಿಗೆ ಎಣ್ಣೆ ಬಿಡುವುದು, ಬೆಲ್ಲು ಹೊಡೆಯುವುದು, ಯಾರ ಸೈಕಲ್ ಹೆಚ್ಚು ಎಂದು ಜಗಳವಾಡುವುದು, ಮಧ್ಯಾಹ್ನ ಮನೆಗೆ ಬಂದು ಹೊಲ ಉತ್ತವರ ಹಾಗೆ ಉಣ್ಣುವುದು. ಇದು ಸಂಘದ ಕೆಲಸ. ಸಂಘದ ಅಧ್ಯಕ್ಷರು ಸ್ಕೂಲಿನ ಹೆಡ್‌ಮೇಷ್ಟ್ರು. ಅವರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಆದರೆ ಜೇಬಿನ ಗಡಿಯಾರ ಇದ್ದದ್ದು ಅವರೊಬ್ಬರ ಹತ್ತಿರ, ಅದಕ್ಕೇ ಅಧ್ಯಕ್ಷರು.

ಆ ಹತ್ತರೊಳಗೆ ನಮ್ಮ ಯಜಮಾನರದೂ ಒಂದು. ನನಗೆ ಆ ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಕಾರಣ ಇತ್ತು. ಮೊದಲ ಬಾಣಂತನಕ್ಕೆ ತವರಿಗೆ ಬಂದವಳು, ಮಗುವಿಗೆ ಐದು ತಿಂಗಳಾದರೂ ಅಲ್ಲೇ ಇದ್ದೆ. ನನಗೆ ಹಾಲು ಬತ್ತಿ ಹೋಗಿತ್ತು. ತವರಿನಲ್ಲಿ ಎಮ್ಮೆ ಇತ್ತು, ಮಗು ಕುಡಿದುಕೊಂಡು ದುಂಡಗಿತ್ತು. ಮಧುಗಿರಿಯ ಅತ್ತೆಮನೆಗೆ ದಿನವೂ ವರ್ತನೆ ಹಾಲು ಹಾಕುತ್ತಿದ್ದವಳೋ, ನೀರಿಗೆ ಹಾಲು ಬೆರೆಸುವವಳು. ಹಾಗಾಗಿ ನಾನು ಹೇಳಿ ಕಳಿಸಿದ್ದೆ: ಕರೆಯುವ ಎಮ್ಮೆ ಕಟ್ಟಿದ ದಿನ ಮಗು ಎತ್ತಿಕೊಂಡು ಬರುತ್ತೇನೆ, ಅಲ್ಲಿಯವರೆಗೆ ಬರುವುದಿಲ್ಲ.

ನಮ್ಮ ಮಾವನವರದು ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ. ಮಾತು ಕಡಿಮೆ, ಆಡಿದರೆ ಬದಲಿಸುವವರಲ್ಲ. ಅದೇ ಬೀದಿಯ ಕೊನೆಯಲ್ಲಿ ಗೌಡರ ಮನೆ. ಗೌಡರ ಅಳಿಯ, ಸೈಕಲ್ ಕೊಡಿಸದಿದ್ದರೆ ದೀಪಾವಳಿಗೆ ಬರುವುದಿಲ್ಲ ಎಂದು ಮುನಿಸಿಕೊಂಡು ಕೂತಿದ್ದ. ಗೌಡರ ಕೊಟ್ಟಿಗೆಯಲ್ಲಿ ಎರಡನೇ ಸೂಲಿನ ಎಮ್ಮೆ ಇತ್ತು. ಮಾವನವರು ಎರಡೂ ಕಡೆ ನೋಡಿ, ಸೈಕಲ್ ಕೊಟ್ಟು ಎಮ್ಮೆ ತರುವುದು ಎಂದರು. ನಮ್ಮ ಯಜಮಾನರು ಕೈಯನ್ನೇ ಕತ್ತರಿಸಿ ಕೊಡು ಎಂದ ಹಾಗೆ ಗೋಳಾಡಿದರಂತೆ. ಕೊನೆಗೆ ಮಾವನವರು ಒಂದು ಮಾತು ಕೊಟ್ಟರು:

“ಭಾನುವಾರ ಅದೇನೋ ಪಂದ್ಯ ಅಂತಿದ್ದೀಯಲ್ಲ, ಅದೊಂದು ನೋಡ್ಬುಡಾನ. ನೀನು ಮೊದ್ಲು ಬಂದ್ರೆ ಸೈಕಲ್ ಮಡಿಕ್ಕೊ. ಬರ್ಲಿಲ್ವಾ, ಸೋಮವಾರ ಬೆಳಿಗ್ಗೆ ಸೈಕಲ್ ಗೌಡ್ರ ಮನೇಗೆ, ಎಮ್ಮೆ ನಮ್ಮನೇಗೆ.”

ಈ ಮಾತು ನನ್ನ ಕಿವಿಗೂ ಬಿತ್ತು. ಗಂಡ ಸೋಲಲಿ ಎಂದು ಹರಕೆ ಹೊತ್ತ ಹೆಂಗಸು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಪಂದ್ಯ ಹೀಗೆ. ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ಹೆಡ್‌ಮೇಷ್ಟ್ರು ಗಡಿಯಾರ ನೋಡಿ ಹತ್ತು ನಿಮಿಷಕ್ಕೆ ಒಬ್ಬೊಬ್ಬರನ್ನು ಮಧುಗಿರಿಯಿಂದ ಬಿಡುತ್ತಾರೆ. ಹನ್ನೆರಡು ಮೈಲಿ ತುಳಿದು ಕೊರಟಗೆರೆ ಊರ ಮುಂದಿನ ಈಶ್ವರನ ಗುಡಿ ಮುಟ್ಟಿ ವಾಪಸ್ ಬರಬೇಕು. ಯಾರಿಗೆ ಕಡಿಮೆ ಹೊತ್ತು ಹಿಡಿಯಿತೋ ಅವರು ಗೆದ್ದರು. ಮುಟ್ಟಿದರು ಎನ್ನುವುದಕ್ಕೆ ಸಾಕ್ಷಿ ಯಾರು? ಭಾನುವಾರದ ಊಟ ಬಿಟ್ಟು ಕೊರಟಗೆರೆಯಲ್ಲಿ ಹೋಗಿ ಕೂರಲು ಸಂಘದವರು ಯಾರೂ ತಯಾರಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಮಾಡಿದರು. ಹೊರಡುವಾಗ ಹೆಡ್‌ಮೇಷ್ಟ್ರು ಒದ್ದೆ ಬಟ್ಟೆಯಿಂದ ಎಲ್ಲರ ಹಣೆ ಒರೆಸುವುದು. ಗುಡಿಯ ಪೂಜಾರಿ ಬಂದವರ ಹಣೆಗೆ ವಿಭೂತಿ ಎಳೆಯುವುದು. ಹಣೆ ಮೇಲೆ ಮೂರು ಪಟ್ಟೆ ಹೊತ್ತು ಬಂದವನು ಹೋಗಿ ಬಂದವನು. ದೇವರ ಗುಡಿಯ ವಿಭೂತಿಗಿಂತ ಸಾಕ್ಷಿ ಬೇಕೇ ಎಂದು ಎಲ್ಲರೂ ತಲೆ ಆಡಿಸಿದರಂತೆ. ಚಿತ್ತೆ ಮಳೆಯ ಕಾಲದಲ್ಲಿ, ಬಯಲಲ್ಲಿ ಹನ್ನೆರಡು ಮೈಲಿ ಬರುವಾಗ ಆ ವಿಭೂತಿ ಏನಾಗುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅವರಲ್ಲಿ ಇಬ್ಬರು ಮಕ್ಕಳಿಗೆ ಪಾಠ ಹೇಳುವವರು.

ತುಳಿಯುವವರು ನಾಲ್ಕೇ ಜನ. ತಾಲ್ಲೂಕು ಕಚೇರಿ ಗುಮಾಸ್ತರು, ನಮ್ಮ ಯಜಮಾನರು, ಪಾವಗಡದ ಕಡೆಯಿಂದ ವರ್ಗವಾಗಿ ಬಂದಿದ್ದ ಒಬ್ಬ ಮೇಷ್ಟ್ರು, ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಸಿರಾದ ಸಾಹೇಬರು. ಸಾಹೇಬರು ಮೊದಲೇ ಹೇಳಿದ್ದರು, “ಹಣೆಗೆ ಬ್ಯಾಡ ಸಾರ್. ಮುಂಗೈಗೆ ಹಚ್ಲಿ, ಅಂಗಿ ತೋಳು ಮಡಚಿ ತೋರುಸ್ತೀನಿ.” ಆಗಲಿ ಎಂದರು ಹೆಡ್‌ಮೇಷ್ಟ್ರು.

ಬೆಳಿಗ್ಗೆ ಎಂಟಕ್ಕೆ ಗುಮಾಸ್ತರು ಹೊರಟರು. ಎರಡನೆಯವರು ನಮ್ಮವರು. ಮೂರನೆಯವನಾಗಿ ಹೊರಡಲು ಪಾವಗಡದ ಮೇಷ್ಟ್ರು ಒಪ್ಪಲಿಲ್ಲ. “ಮೂರು ವದ್ದು, ಬೇಡ ಸಾರ್, ಮೂರಕ್ಕೆ ಹೊರಟೋನು ಊರು ಸೇರಲ್ಲ. ನಂಗೆ ನಾಕು ಅಂತ ಬರ್ಕೊಳಿ.” ಹಾಗೇ ಬರೆದುಕೊಂಡರು. ಸಾಹೇಬರಿಗೆ ಐದು. ನಾಲ್ಕು ಜನರ ಪಂದ್ಯದಲ್ಲಿ ಐದನೆಯವರು ಹೊರಡುವ ಹೊತ್ತಿಗೆ ಮಳೆ ಶುರುವಾಗಿತ್ತು.

ನಾನು ತವರುಮನೆ ಜಗುಲಿಯಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ರಸ್ತೆ ಮನೆ ಮುಂದೆಯೇ. ಕೊರಟಗೆರೆ ಕಡೆಯಿಂದ ಎದುರುಗಾಳಿ, ಹುಣಸೆಮರ ಒಂದೇ ಕಡೆಗೆ ಬಾಗಿ ನಿಂತಿತ್ತು. ಮೊದಲು ಗುಮಾಸ್ತರು ಬಂದರು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಛತ್ರಿ. ಗಾಳಿ ಛತ್ರಿಯನ್ನು ಹಿಂದಕ್ಕೆ ಎಳೆಯುತ್ತಿತ್ತು, ಅವರು ಮುಂದಕ್ಕೆ ತುಳಿಯುತ್ತಿದ್ದರು. ಎರಡೂ ಸಮನಾಗಿ ಸೈಕಲ್ ಒಂದೇ ಕಡೆ ನಿಂತಿತ್ತು. ಛತ್ರಿ ಮಗುಚಿ ಕಡ್ಡಿ ಕಿತ್ತುಬಂದ ಮೇಲೆಯೇ ಅವರು ನಮ್ಮ ಮನೆ ದಾಟಿದ್ದು.

ಆಮೇಲೆ ನಮ್ಮವರು. ತಲೆಯಿಂದ ಕಾಲಿನವರೆಗೆ ಕೆಸರು. ಹಲ್ಲು ಕಡಕಡ ಎನ್ನುತ್ತಿತ್ತು. ನಮ್ಮ ಮನೆ ಕಡೆ ನೋಡಬಾರದು ಎಂದು ಕತ್ತು ಆ ಕಡೆಗೆ ತಿರುಗಿಸಿಕೊಂಡೇ ಬರುತ್ತಿದ್ದರು. ನಮ್ಮವ್ವ ನೋಡಿಬಿಟ್ಟಳು. ಕೈಯಲ್ಲಿದ್ದ ಮೊರ ಎಸೆದು ಓಡಿಹೋಗಿ ರಸ್ತೆ ನಡುವೆ ನಿಂತಳು.

“ಅಳಿಯದೇವ್ರು! ಮನೆ ಮುಂದ್ಲಿಂದ ಹಂಗೇ ಹಾದೋಗ್ತಾ ಇದ್ದೀರಲ್ಲ, ನಾವೇನು ಪಾಪ ಮಾಡಿದ್ವಿ?”

“ಅತ್ತೆ, ಪಂದ್ಯ. ಟೈಮು ನೋಡ್ತಾವ್ರೆ. ಬುಡಿ.”

“ಟೈಮು ಎಲ್ಲಿಗೋಗ್ತದೆ? ನಾಳೇನೂ ಇರ್ತದೆ. ಇಳೀರಿ, ಕಾಲಿಗೆ ನೀರು ತಕ್ಕಳಿ. ಬಾಗ್ಲಿಗೆ ಬಂದ ಅಳಿಯನ್ನ ಹಂಗೇ ಕಳ್ಸುದ್ಲು ಅಂದ್ರೆ ನಾಳೆ ಈ ಊರಲ್ಲಿ ತಲೆ ಎತ್ತಂಗಿದ್ದದಾ?”

“ಬಾಗ್ಲಿಗೆ ಬಂದಿಲ್ಲ ಅತ್ತೆ, ರಸ್ತೇಲಿ ಹೋಗ್ತಾ ಇವ್ನಿ!”

“ರಸ್ತೇನೂ ನಮ್ಮ ಬಾಗ್ಲುದೇ ಕಣಪ್ಪ.”

ಅವರು ನನ್ನ ಮುಖ ನೋಡಿದರು. ಬುಡವ್ವ ಹೋಗಲಿ, ಎಂದು ನಾನು ಒಂದು ಮಾತು ಹೇಳಿದ್ದರೆ ಅವ್ವ ದಾರಿ ಬಿಡುತ್ತಿದ್ದಳು. ನಾನು ಹೇಳಲಿಲ್ಲ. ನನಗೆ ಎಮ್ಮೆ ಬೇಕಿತ್ತು. ಎದ್ದು ಹೋಗಿ ಹಂಡೆಯ ಒಲೆಗೆ ಇನ್ನೆರಡು ಸೌದೆ ಒಟ್ಟಿದೆ.

ಅವರು ಸೈಕಲ್ಲನ್ನು ಜಗುಲಿಗೆ ಒರಗಿಸಿ ಒಳಗೆ ಬಂದರು. ಒಂದು ಚೊಂಬು ಎಂದು ಶುರುವಾದ ನೀರು ಒಂದು ಹಂಡೆ ಆಯಿತು. ನಮ್ಮ ಜನದಲ್ಲಿ ಸ್ನಾನ ಆದಮೇಲೆ ವಿಭೂತಿ ಇಟ್ಟು ಲಿಂಗಪೂಜೆ ಮಾಡದೆ ತುತ್ತು ಎತ್ತುವುದಿಲ್ಲ. ಗೋಡೆಯ ಗೂಡಿನಲ್ಲಿದ್ದ ವಿಭೂತಿ ಗಟ್ಟಿ ತೆಗೆದು ಮೂರು ಬೆರಳಲ್ಲಿ ಹಣೆಗೆ ದಪ್ಪಗೆ ಎಳೆದುಕೊಂಡರು. ಆ ಹೊತ್ತಿನಲ್ಲಿ ಅವರಿಗೂ ಬೇರೆ ಯೋಚನೆ ಇರಲಿಲ್ಲ, ನನಗೂ ಇರಲಿಲ್ಲ. ಪೂಜೆ ಆಯಿತು, ಮುದ್ದೆ ಬಸ್ಸಾರು ಆಯಿತು. ಸಿಹಿ ಇಲ್ಲದೆ ಅಳಿಯ ಏಳಬಾರದು ಎಂದು ಅವ್ವ ಶ್ಯಾವಿಗೆ ಪಾಯಸಕ್ಕೆ ಇಟ್ಟಳು. ಮೊದಲ ಮುದ್ದೆಯನ್ನು ರಸ್ತೆ ನೋಡಿಕೊಂಡು ಉಂಡವರು, ಎರಡನೆಯದನ್ನು ತಟ್ಟೆ ನೋಡಿಕೊಂಡು ಉಂಡರು.

ಅವರು ಒಳಗಿದ್ದಾಗ ಹೊರಗೆ ಪಾವಗಡದ ಮೇಷ್ಟ್ರು ಹೋದರು, ಬೂಟು ಬಿಚ್ಚಿ ಹ್ಯಾಂಡಲಿಗೆ ನೇತು ಹಾಕಿಕೊಂಡು, ಮಳೆಗೆ ತೆಲುಗಿನಲ್ಲಿ ಬಯ್ಯುತ್ತಾ. ಆಮೇಲೆ ಸಾಹೇಬರು. ಜಗುಲಿಗೆ ಒರಗಿದ್ದ ಸೈಕಲ್ ನೋಡಿದರು, ಅವರೇ ರಿಪೇರಿ ಮಾಡಿದ ಸೈಕಲ್ಲು. ಒಂದು ಸಲ ಬೆಲ್ಲು ಹೊಡೆದು ಹಾಗೇ ಹೋದರು. ಇದನ್ನು ಮಧುಗಿರಿಯಲ್ಲೇ ಯಾಕೆ ಹೇಳಲಿಲ್ಲ ಎಂದು ಎಷ್ಟೋ ದಿನದ ಮೇಲೆ ಕೇಳಿದೆ. “ಹೆಂಡ್ತಿ ತವರಲ್ಲಿ ಹೋಗಿ ಕುಂತಿದ್ದ ಅಂತ ಹತ್ತು ಜನದ ಮುಂದೆ ಹೆಂಗೆ ಹೇಳ್ಲಿ ಅಕ್ಕಾ? ಶರಮ್ ಅಲ್ವಾ?” ಎಂದರು.

ಪಾಯಸ ಕುಡಿದವರು, ಮಳೆ ಸ್ವಲ್ಪ ಇಳಿಯಲಿ ಎಂದು ಕಂಬಳಿ ಹೊದ್ದು ಗೋಡೆಗೆ ಒರಗಿದರು. ಗೊರಕೆಗೆ ಮಗು ಬೆಚ್ಚಿಬಿತ್ತು. ಅವರು ಎದ್ದು ನೋಡಿದರೆ ಮಳೆ ಹಾಗೇ ಇತ್ತು, ಹೊತ್ತು ಹೋಗಿತ್ತು.

“ಇನ್ನು ಕೊರಟಗೆರೆಗೆ ಹೋಗಿ ಏನು ಮಾಡ್ಲಿ? ವಾಪಸ್ ಹೋಗಿ ಸೋತೆ ಅಂತೀನಿ,” ಎಂದರು, ಸಾವಿನ ಮನೆಗೆ ಹೊರಟವರ ಹಾಗೆ.

“ಹಂಗೇ ಮಾಡಿ,” ಎಂದೆ.

ಅವ್ವ ಕಂಬಳಿಯನ್ನು ಕೊಪ್ಪೆ ಮಡಚಿ ಅವರ ತಲೆ ಮೇಲೆ ಹುಬ್ಬಿನವರೆಗೆ ಎಳೆದು ಕಟ್ಟಿದಳು. ಈಗ ಗಾಳಿ ಬೆನ್ನಿಗಿತ್ತು. ಹೋದರು.

ಅವರು ಹೋಗಿ ಒಂದು ಗಳಿಗೆಯಾದ ಮೇಲೆ ಉಳಿದವರು ಕೊರಟಗೆರೆಯಿಂದ ಹಿಂದಿರುಗಿದರು. ಸಾಹೇಬರು ಮುಂದೆ, ಆಮೇಲೆ ಮೇಷ್ಟ್ರು, ಕೊನೆಗೆ ಛತ್ರಿಯ ಕೋಲು ಮಾತ್ರ ಹಿಡಿದುಕೊಂಡು ಸೈಕಲ್ ತಳ್ಳುತ್ತಾ ಗುಮಾಸ್ತರು. ಮಳೆ ಎಲ್ಲರ ಮುಖವನ್ನೂ ತೊಳೆದ ತಟ್ಟೆ ಮಾಡಿತ್ತು.

ಸಂಜೆ ನಮ್ಮೂರಿನವನೊಬ್ಬ ಮಧುಗಿರಿಯಿಂದ ಬಂದ. ಬಾಗಿಲಲ್ಲೇ ಕೂಗಿದ, “ಅವ್ವೋ, ಬೆಲ್ಲ ತಾರವ್ವ! ನಿಮ್ಮ ಅಳಿಯದೇವ್ರು ಫಸ್ಟು!”

“ಏನಂತ ಹೇಳುದ್ರು ಅವ್ರು?” ಎಂದೆ.

“ಏನೂ ಹೇಳ್ಲಿಲ್ಲ ಕಣಕ್ಕ. ಸೈಕಲ್ ಇಳುದ್ರು, ಕಂಬ್ಳಿ ತೆಗುದ್ರು. ಹಣೆ ಮ್ಯಾಲೆ ಮೂರು ಪಟ್ಟೆ, ಈಗ ಇಟ್ಟಂಗಿತ್ತು! ಹೆಡ್‌ಮೇಷ್ಟ್ರು ಈಶ್ವರಾ ಅಂತ ಕೈ ಮುಗುದ್ಬುಟ್ರು. ಆಮೇಕೆ ಬಂದೋರ ಹಣೇಲಿ ಏನೂ ಇಲ್ಲ. ಸಾಹೇಬ್ರು ತೋಳು ಮಡಚಿ ತೋರುಸುದ್ರು, ಅಲ್ಲೇನೋ ಅಂಬಲಿ ಮೆತ್ತಿದಂಗಿತ್ತು. ಇದು ವಿಭೂತಿ ಅಂತ ಹೆಂಗೆ ಹೇಳಾದು ಅಂದ್ಬುಟ್ರು ಹೆಡ್‌ಮೇಷ್ಟ್ರು. ನಿಮ್ಮ ಯಜಮಾನ್ರಿಗೆ ಹಾರ, ಒಂದು ಸೈಕಲ್ ದೀಪ!”

ನಮ್ಮ ಯಜಮಾನರು ಸುಳ್ಳು ಹೇಳುವವರಲ್ಲ. ಬಾಯೇ ಬಿಟ್ಟಿರಲಿಲ್ಲ. ಆದರೆ ನನ್ನ ಎಮ್ಮೆ ಹೋಯಿತು.

ಅವ್ವ ಬೆಲ್ಲ ತರಲು ಎದ್ದಳು. ನಾನು ಸೆರಗು ಹಿಡಿದು ಕೂರಿಸಿದೆ. “ಎಲ್ಲಿಗೋಗಿ ಫಸ್ಟ್ ಬಂದ್ರು? ನಿನ್ನ ಅಡುಗೆ ಮನೇಗಾ?”

“ಸುಮ್ಕಿರೇ. ಗಂಡನ ಮಾನ ಹೆಂಡ್ತಿ ಸೆರಗಲ್ಲಿರ್ತದೆ.”

“ನನ್ನ ಸೆರಗಲ್ಲಿ ಮಗು ಅದೆ ಕಣವ್ವ. ಜಾಗ ಇಲ್ಲ.”

ಮಾರನೆಯ ದಿನ ಸೋಮವಾರ. ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಗಾಡಿ ಇಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಆರು ಮೈಲಿ ನಡೆದೆ. ಮಳೆ ನಿಂತಿತ್ತು. ರಸ್ತೆಯ ಕೆಸರಿನಲ್ಲಿ ಗುಮಾಸ್ತರ ಛತ್ರಿಯ ಬಟ್ಟೆ ಬಿದ್ದಿತ್ತು.

ಮಾವನವರು ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದರು. ನಮ್ಮವರು ಮೂಲೆಯಲ್ಲಿ ಹೊಸ ದೀಪ ಒರೆಸುತ್ತಿದ್ದವರು ನನ್ನನ್ನು ನೋಡಿ ಒರೆಸುವುದು ನಿಲ್ಲಿಸಿದರು. ಆ ಕಾಲದಲ್ಲಿ ಸೊಸೆಯಾದವಳು ಮಾವನ ಮುಖ ನೋಡಿ ಮಾತಾಡುವಂತಿರಲಿಲ್ಲ. ನಾನು ಸೆರಗು ಎಳೆದುಕೊಂಡು ಪಡಸಾಲೆಯ ಕಂಬಕ್ಕೆ ಹೇಳಿದೆ.

“ಕಂಬವೇ, ನಿನ್ನೆ ಇವ್ರು ಕೊರಟಗೆರೆಗೆ ಹೋಗ್ಲಿಲ್ಲ. ನಮ್ಮವ್ವನ ಮನೇಲಿ ಎರಡು ಮುದ್ದೆ ಉಂಡು ಮಲಗಿದ್ರು. ಹಣೇಲಿದ್ದಿದ್ದು ನಮ್ಮ ಗೂಡಿನ ವಿಭೂತಿ.”

ಮಾವನವರೂ ಕಂಬದ ಕಡೆಗೇ ತಿರುಗಿದರು. “ಮೂರನೇ ಮುದ್ದೆ ಯಾಕೆ ಹಾಕ್ಲಿಲ್ಲ ಅಂತ ಕೇಳು ಕಂಬವೇ.”

“ಪಾಯಸ ಇತ್ತು,” ಎಂದೆ.

“ನಾನೇನು ಸುಳ್ಳು ಹೇಳಿಲ್ಲಪ್ಪ,” ಎಂದರು ಮೂಲೆಯಿಂದ ನಮ್ಮವರು.

“ನಿಜಾನೂ ಹೇಳಿಲ್ಲ ಕಣ್ಲಾ. ಅಂಗಡೀಲಿ ಮೊಳ ಹಾಕುವಾಗ್ಲೂ ಇಂಗೇ ಬಾಯಿ ಮುಚ್ಕೊಂಡಿರ್ತೀಯಾ? ದೀಪಾನ ಸಾಹೇಬ್ರಿಗೆ ಕೊಟ್ಟು ಬಾ.” ಮತ್ತೆ ಕಂಬದ ಕಡೆ ತಿರುಗಿ, “ಎಮ್ಮೆ ಹೊಸಬ್ರನ್ನ ಒದೀತದಂತೆ. ಕರಿಯಕ್ಕೆ ಬರ್ತದಾ ಅಂತ ಕೇಳು,” ಎಂದರು.

“ಬರ್ತದೆ,” ಎಂದೆ ಕಂಬಕ್ಕೆ.

ಮಗುವನ್ನು ಕಂಬದ ಬುಡದಲ್ಲಿ ಚಾಪೆ ಮೇಲೆ ಮಲಗಿಸಿದೆ. ಮಾವನವರು ಎತ್ತಿಕೊಂಡರು. ನಾನು ಹಿತ್ತಲಿನಿಂದ ಹಗ್ಗ ತೆಗೆದುಕೊಂಡು ಗೌಡರ ಮನೆಗೆ ಹೊರಟೆ. ಸೈಕಲ್ ತಳ್ಳಿಕೊಂಡು ನಮ್ಮ ಯಜಮಾನರು ಹಿಂದೆ ಬಂದರು.