ಹುಡುಗ ಎಂತ ಮಾಡುವುದು?

ಅಲೆವೂರಿನ ರತ್ನಾವತಿಯಕ್ಕ ಬಸ್ಸು ಹತ್ತಿದರೆಂದರೆ ಯಾವುದೋ ಮನೆಗೆ ಗಂಡು ತೋರಿಸಲಿಕ್ಕೇ ಹೊರಟಿದ್ದಾರೆ ಎಂದು ಕಂಡಕ್ಟರಿಗೂ ಗೊತ್ತು. ಕಂಕುಳಲ್ಲಿ ಕೊಡೆ, ಹೆಗಲಲ್ಲಿ ಚೀಲ, ಬಾಯಲ್ಲಿ ಅರ್ಧ ಜಿಲ್ಲೆಯ ಸಮಾಚಾರ. ಪ್ರಾಯದಲ್ಲಿ ಬೀಡಿ ಕಟ್ಟುತ್ತಿದ್ದವರು. ಕಟ್ಟಿದ ಬೀಡಿ ಕೊಡಲು ಹೋದಾಗ ಬೀಡಿ ಕಂಪೆನಿಯ ಬ್ರಾಂಚಿನ ಜಗಲಿಯಲ್ಲಿ ಕೂತು ಯಾರ ಮಗಳು ದೊಡ್ಡವಳಾದಳು, ಯಾರ ಮಗ ಮುಂಬೈ ರೈಲು ಹತ್ತಿದ ಎಂದು ಕೇಳಿಸಿಕೊಂಡದ್ದೇ ಅವರ ವಿದ್ಯಾಭ್ಯಾಸ. ಬೀಡಿ ಬಿಟ್ಟುಹೋಯಿತು, ಸಮಾಚಾರ ಬಿಟ್ಟುಹೋಗಲಿಲ್ಲ. ಈಗ ಉಡುಪಿಯಿಂದ ಕಾರ್ಕಳದವರೆಗೆ, ಇತ್ತ ಕಾಪುವಿನವರೆಗೆ, ಅವರು ಜೋಡಿಸಿಕೊಟ್ಟ ಗಂಡ ಹೆಂಡತಿ ಸಿಗದ ಬಸ್ ಸ್ಟಾಪು ಇಲ್ಲ. ಕೆಲವರು ನಕ್ಕು ಮಾತಾಡಿಸುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಎರಡಕ್ಕೂ ರತ್ನಾವತಿಯಕ್ಕನಿಗೆ ಬೇಸರವಿಲ್ಲ.

ಅವರದ್ದು ಒಂದೇ ಸಿದ್ಧಾಂತ: ಹುಡುಗನ ಕೆಲಸ ಒಂದು ಶಬ್ದದಲ್ಲಿ ಹೇಳುವ ಹಾಗಿರಬೇಕು. ಹೆಣ್ಣಿನ ಕಡೆಯವರು "ಹುಡುಗ ಎಂತ ಮಾಡುವುದು?" ಎಂದು ಕೇಳಿದ ಕೂಡಲೇ ಆ ಶಬ್ದ ಟಪ್ಪನೆ ಬೀಳಬೇಕು. ಮೊದಲೆಲ್ಲ "ಮುಂಬೈ" ಎಂದರೆ ಸಾಕಿತ್ತು. ಆಮೇಲೆ "ಬ್ಯಾಂಕು" ಬಂತು. ಅದರ ಬೆನ್ನಿಗೇ "ದುಬೈ" ಬಂತು ನೋಡಿ, ಅಬ್ಬಬ್ಬಾ! ಅಲ್ಲಿ ಹುಡುಗ ಆಫೀಸಿನಲ್ಲಿ ಕೂರುತ್ತಾನೋ ಆಫೀಸು ಗುಡಿಸುತ್ತಾನೋ ಎಂದು ಯಾರೂ ಕೇಳುತ್ತಿರಲಿಲ್ಲ, ಅಷ್ಟರಲ್ಲಿ ಒಳಗೆ ಪಾಯಸಕ್ಕೆ ಇಟ್ಟಾಗಿರುತ್ತಿತ್ತು. ರತ್ನಾವತಿಯಕ್ಕ ಅದಕ್ಕೆ ಸ್ವಲ್ಪ ಒಗ್ಗರಣೆಯನ್ನೂ ಹಾಕುತ್ತಿದ್ದರು. ಒಗ್ಗರಣೆ ಹಾಕದ ಸಾರು ಯಾರಿಗೆ ರುಚಿಸುತ್ತದೆ ಹೇಳಿ.

ಈಗ ಆ ಶಬ್ದಗಳೇ ಕೈಕೊಡತೊಡಗಿವೆ. ದುಬೈಗೆ ಹೋದವರು ಗಂಟುಮೂಟೆ ಕಟ್ಟಿ ವಾಪಸು ಬರುತ್ತಿದ್ದಾರೆ. ಕಾಪುವಿನ ಝಾಕಿರನನ್ನೇ ನೋಡಿ, ಅಲ್ಲಿನ ಕೆಲಸ ಬಿಟ್ಟು ಬಂದು ಮದುವೆ ಮನೆಗಳಿಗೆ ಶಾಮಿಯಾನ, ಲೈಟಿಂಗ್ ಹಾಕುತ್ತಿದ್ದಾನೆ, ಹೊಟ್ಟೆಯೂ ಬಂದಿದೆ. ಮಣಿಪಾಲದಲ್ಲಿ ಕಟ್ಟಡದ ಮೇಲೆ ಕಟ್ಟಡ ಏಳುತ್ತದೆ, ಊರಲ್ಲಿ ದುಡ್ಡು ಓಡಾಡುತ್ತದೆ, ಆದರೆ ಹುಡುಗರನ್ನು ವಿಚಾರಿಸಿದರೆ ಯಾರಿಗೂ ಒಂದು ಕೆಲಸ ಇಲ್ಲ, ಎರಡೂವರೆ ಕೆಲಸ! ಅದನ್ನು ಒಂದು ಶಬ್ದದಲ್ಲಿ ಹೇಳುವುದು ಹೇಗೆ?

ಈ ತಲೆನೋವಿನ ದೊಡ್ಡ ಉದಾಹರಣೆ ಎರ್ಮಾಳಿನ ರೋಹಿತ್. ರತ್ನಾವತಿಯಕ್ಕನ ಬೀಡಿ ಕಾಲದ ಗೆಳತಿ ಕುಶಲಾಳ ಒಬ್ಬನೇ ಮಗ. ಬೆಳಿಗ್ಗೆ ಶಾಲೆಯ ವ್ಯಾನು ಓಡಿಸುತ್ತಾನೆ, ಹಗಲು ಮಣಿಪಾಲದ ಫ್ಲ್ಯಾಟುಗಳಲ್ಲಿ ಎ.ಸಿ. ರಿಪೇರಿ ಮಾಡುತ್ತಾನೆ, ಮದುವೆಯ ದಿನಗಳಲ್ಲಿ ಝಾಕಿರನ ಜೊತೆ ಲೈಟಿಂಗಿಗೆ ಏಣಿ ಹತ್ತುತ್ತಾನೆ. ಚಟವಿಲ್ಲ, ಸಾಲವಿಲ್ಲ, ಮನೆಗೆ ಟೈಲ್ಸು ಹಾಕಿಸಿದ್ದಾನೆ. ಆದರೂ ಕರೆದುಕೊಂಡು ಹೋದ ಕಡೆಯಿಂದೆಲ್ಲ ಬರಿ ಚಹಾ ಕುಡಿದು ಬಂದದ್ದಾಯಿತು. ರತ್ನಾವತಿಯಕ್ಕ "ಬಿಸಿನೆಸ್" ಎನ್ನುತ್ತಿದ್ದರು. "ಎಂತ ಬಿಸಿನೆಸ್?" ಎಂಬ ಎರಡನೆಯ ಪ್ರಶ್ನೆ ಬಂದರೆ ಅವರು ಕೊಡೆ ಹುಡುಕತೊಡಗುತ್ತಿದ್ದರು.

"ನಿನ್ನ ಮಗನಿಗೆ ಹೆಣ್ಣು ಹುಡುಕದಿದ್ದರೆ ನಾನು ಈ ಕೊಡೆ ಬಿಸಾಡ್ತೇನೆ" ಎಂದು ಅವರು ಕುಶಲಾಳಿಗೆ ಮಾತು ಕೊಟ್ಟಿದ್ದರು. ಕುಶಲಾ ಅದನ್ನು ನಂಬಿದ್ದಳು. ನಂಬಿದ್ದಕ್ಕೇ ರತ್ನಾವತಿಯಕ್ಕ ಮತ್ತೆ ಮತ್ತೆ ಬಸ್ಸು ಹತ್ತುತ್ತಿದ್ದರು.

ಹೀಗಿರುವಾಗ ಕಾರ್ಕಳದ ಚೈತಾಲಿಯ ಸಂಬಂಧ ಬಂತು. ಇಬ್ಬರ ಬಳಿಯೂ, ಅಂದರೆ ತಾಯಿಯ ಕಡೆಯ ಗೋತ್ರವೂ, ಬೇರೆ, ಕುಲದ ಅಡ್ಡಿಯಿಲ್ಲ. ಹುಡುಗಿಯ ಸೋದರಮಾವ ಕಿಟ್ಟಣ್ಣ ಆ ಮನೆಯ ಯಜಮಾನ. ಕಲ್ಲುಕೋರೆಯಲ್ಲಿ ದುಡಿದು ಗಟ್ಟಿಯಾದ ಆಸಾಮಿ, ಮಾತೂ ಹಾಗೆಯೇ. ಹೆಣ್ಣು ನೋಡಲು ಬಂದ ರತ್ನಾವತಿಯಕ್ಕ, ರೋಹಿತರ ಮುಂದೆ ಬೋಂಡಾದ ತಟ್ಟೆಯಿಟ್ಟು, ಮೀಸೆ ತೀಡಿ, ಅದೇ ಪ್ರಶ್ನೆ ಕೇಳಿದ:

"ಹುಡುಗ ಎಂತ ಮಾಡುವುದು?"

"ಬಿಸಿನೆಸ್" ಎಂದರು ರತ್ನಾವತಿಯಕ್ಕ, ಕಣ್ಣು ಮುಚ್ಚಿಕೊಂಡು ಬಾವಿಗೆ ಹಾರುವವರ ಹಾಗೆ.

"ಬಿಸಿನೆಸ್ ಅಲ್ಲ" ಎಂದ ರೋಹಿತ್. "ವ್ಯಾನ್ ಬಿಡ್ತೇನೆ, ಎ.ಸಿ. ರಿಪೇರಿ ಮಾಡ್ತೇನೆ, ಮದುವೆ ಉಂಟಾದ್ರೆ ಲೈಟಿಂಗಿಗೆ ಹೋಗ್ತೇನೆ. ಸುಳ್ಳು ಹೇಳಿ ಎಂತ ಮಾಡ್ಲಿಕ್ಕುಂಟು?"

ರತ್ನಾವತಿಯಕ್ಕನಿಗೆ ಅವನ ತೊಡೆ ಚಿವುಟಬೇಕೆನಿಸಿತು. ಕಿಟ್ಟಣ್ಣ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ನೋಡಿ, ನಮ್ಮ ಹುಡುಗಿಗೆ ಮಣಿಪಾಲದಲ್ಲಿ ಪರ್ಮನೆಂಟ್ ಕೆಲಸ ಉಂಟು..."

"ಪರ್ಮನೆಂಟ್ ಎಂತದ್ದೂ ಇಲ್ಲ ಮಾವ" ಎಂದು ಒಳಬಾಗಿಲಿನಿಂದ ಧ್ವನಿ ಬಂತು. ಚೈತಾಲಿ ಚಹಾದ ಟ್ರೇ ಹಿಡಿದು ನಗುತ್ತಾ ನಿಂತಿದ್ದಳು. "ಆಫೀಸಿನಲ್ಲಿ ಕಾಂಟ್ರಾಕ್ಟ್ ಮೇಲೆ ಕಂಪ್ಯೂಟರ್ ಕೆಲಸ. ರಜೆ ದಿನ ಮದುಮಗಳಿಗೆ ಮೇಕಪ್ ಮಾಡ್ಲಿಕ್ಕೆ ಹೋಗ್ತೇನೆ. ಆಫೀಸಿನದ್ದಕ್ಕಿಂತ ಅದರಲ್ಲೇ ಜಾಸ್ತಿ ಸಿಗುವುದು."

ಕಿಟ್ಟಣ್ಣ ರತ್ನಾವತಿಯಕ್ಕನನ್ನು ನೋಡಿದ. ರತ್ನಾವತಿಯಕ್ಕ ಕಿಟ್ಟಣ್ಣನನ್ನು ನೋಡಿದರು. ಇಬ್ಬರ ಒಗ್ಗರಣೆಯೂ ಒಂದೇ ಸಲ ಸೀದುಹೋಗಿತ್ತು. ಮೊದಲು ನಕ್ಕದ್ದು ಕಿಟ್ಟಣ್ಣನೇ. ಹುಡುಗ ಹುಡುಗಿ ಅಂಗಳದಲ್ಲಿ ಮಾತಾಡಿ ಬಂದರು, ಇಬ್ಬರಿಗೂ ಒಪ್ಪಿಗೆ. ರತ್ನಾವತಿಯಕ್ಕ ಅಲ್ಲಿಂದಲೇ ಕುಶಲಾಳಿಗೆ ಫೋನು ಮಾಡಿ, "ಕೊಡೆ ಉಳಿಯಿತು ಮಾರಾಯ್ತಿ!" ಎಂದು ಕೂಗಿದರು.

ಕೂಗಿದ್ದು ಸ್ವಲ್ಪ ಬೇಗವೇ ಆಯಿತು. ಕಿಟ್ಟಣ್ಣ ಒಂದು ಮಾತು ಹೇಳಿದ್ದ: "ಮಳೆಗಾಲಕ್ಕೆ ಮೊದಲು ಮದುವೆ ಆಗಬೇಕು. ಆಷಾಢದ ಆಟಿ ತಿಂಗಳಲ್ಲಂತೂ ನಾವು ಮದುವೆ ಮಾಡುವವರಲ್ಲ. ಈಗ ಆಗದಿದ್ರೆ ನಾನು ಬೇರೆ ಕಡೆ ಮಾತು ಕೊಡ್ತೇನೆ, ದುಬೈಯವರು ಒಬ್ಬರು ಕೇಳಿಟ್ಟಿದ್ದಾರೆ." ಸರಿ, ಪುರೋಹಿತರಿಂದ ಒಳ್ಳೆಯ ದಿನಗಳನ್ನು ಕೇಳಿಕೊಂಡು ರತ್ನಾವತಿಯಕ್ಕ ಇಬ್ಬರನ್ನೂ ಉಡುಪಿಯ ಒಂದು ಹೋಟೆಲಿನಲ್ಲಿ ಕೂರಿಸಿದರು. ಒಂದು ದಿನ ಹೇಳಿದರೆ ಚೈತಾಲಿ ತಲೆ ಅಲ್ಲಾಡಿಸುತ್ತಾಳೆ, "ಅವತ್ತು ಹಿರಿಯಡ್ಕದಲ್ಲಿ ಮದುಮಗಳು ಉಂಟು." ಇನ್ನೊಂದು ಹೇಳಿದರೆ ರೋಹಿತ್, "ಅವತ್ತು ಪಡುಬಿದ್ರಿಯಲ್ಲಿ ಲೈಟಿಂಗ್." ಅಲ್ಲ, ಒಳ್ಳೆಯ ಮುಹೂರ್ತವಿದ್ದರೆ ಊರಲ್ಲಿ ಮದುವೆ ಇದ್ದೇ ಇರುತ್ತದೆ, ಮದುವೆಯಿದ್ದರೆ ಇವರಿಗೆ ಕೆಲಸ ಇದ್ದೇ ಇರುತ್ತದೆ!

"ಒಂದನ್ನು ಕ್ಯಾನ್ಸಲ್ ಮಾಡಿ ಸಾಯಿರಿ!" ರತ್ನಾವತಿಯಕ್ಕನಿಗೆ ಸಿಟ್ಟು ನೆತ್ತಿಗೇರಿತು.

"ಹೋದ ವರ್ಷ ಬುಕ್ ಮಾಡಿದವಳಿಗೆ ಈಗ ಬರುವುದಿಲ್ಲ ಅಂತ ಹೇಗೆ ಹೇಳುವುದು ಅಕ್ಕ? ಅವಳಿಗೂ ಅದು ಒಂದೇ ಮದುವೆ ಅಲ್ವಾ?" ಎಂದಳು ಚೈತಾಲಿ. ಅವಳ ಕಣ್ಣು ತುಂಬಿತ್ತು. ರೋಹಿತ್ ಮಸಾಲೆ ದೋಸೆಯನ್ನು ಚೂರು ಚೂರು ಮಾಡುತ್ತಿದ್ದ.

ಊರಿಗೆಲ್ಲ ಮದುವೆ ಮಾಡಿಸುವವರಿಗೆ ತಾವು ಮದುವೆಯಾಗಲಿಕ್ಕೆ ಪುರುಸೊತ್ತಿಲ್ಲ, ಇದೆಂಥ ಕರ್ಮ ಎಂದು ಬೈದುಕೊಳ್ಳುತ್ತಾ ರತ್ನಾವತಿಯಕ್ಕ ಬಸ್ಸು ಹತ್ತಿದರು. ಬೈಗುಳದ ನಡುವೆಯೇ ಥಟ್ಟನೆ ಹೊಳೆಯಿತು. ಲೀಲಾಧರಣ್ಣನ ಮಗಳ ಮದುವೆ! ಮುಂಬೈಯಲ್ಲಿ ಹೋಟೆಲು ಇರುವ ಲೀಲಾಧರಣ್ಣ ಮಗಳು ಚೈತನ್ಯಾಳ ಮದುವೆಯನ್ನು ಕಾಪುವಿನ ಕಲ್ಯಾಣ ಮಂಟಪದಲ್ಲಿ ಇಟ್ಟುಕೊಂಡಿದ್ದರು. ಆ ಸಂಬಂಧ ಕುದುರಿಸಿದವರು ಇದೇ ರತ್ನಾವತಿಯಕ್ಕ. ಅಲ್ಲಿ ಲೈಟಿಂಗ್ ಝಾಕಿರ್ ಮತ್ತು ರೋಹಿತನದು, ಮೇಕಪ್ ಚೈತಾಲಿಯದು. ಇಬ್ಬರೂ ಒಂದೇ ಕಡೆ ಇರುವ ದಿನ ಅದೊಂದೇ. ಆ ಮುಹೂರ್ತ ಮಧ್ಯಾಹ್ನಕ್ಕೆ. ಬೆಳಗಾಗುವಾಗ ಇನ್ನೊಂದು ಲಗ್ನ ಇದೆಯೇ ಎಂದು ಪುರೋಹಿತರಿಗೆ ಬಸ್ಸಿನಿಂದಲೇ ಫೋನು ಹೋಯಿತು. ಇದೆ ಎಂದರು.

ಮದುವೆಗೆಂದು ಊರಿಗೆ ಬಂದಿಳಿದಿದ್ದ ಲೀಲಾಧರಣ್ಣನ ಮನೆಯ ಮೆಟ್ಟಿಲ ಬುಡದಲ್ಲಿ ಮಾತ್ರ ರತ್ನಾವತಿಯಕ್ಕ ಒಮ್ಮೆ ನಿಂತರು. ದೊಡ್ಡ ಕುಳ, ಮುಂಬೈಯ ನೆಂಟರೆಲ್ಲ ಅವರ ಮಾತಿನ ಮೇಲೆಯೇ ರತ್ನಾವತಿಯಕ್ಕನ ಹತ್ತಿರ ಬರುವುದು. ಇವರು ಮುನಿಸಿಕೊಂಡರೆ ಮುಂದಿನ ಹತ್ತು ಸಂಬಂಧ ಹೋಯಿತೆಂದೇ ಲೆಕ್ಕ. ಕುಶಲಾಳ ಮುಖ ನೆನಪಾಯಿತು. ಹೋದರೆ ಹೋಗಲಿ ಎಂದು ವಿಷಯ ಹೇಳಿಬಿಟ್ಟರು.

"ನನ್ನ ಮಗಳ ಮದುವೆ ದಿನವೇ ಮೇಕಪ್‌ನವಳ ಮದುವೆಯಾ?" ಲೀಲಾಧರಣ್ಣನ ಹುಬ್ಬು ಮೇಲೇರಿತು. "ಇದೆಂಥ ತಮಾಷೆ ಮಾರಾಯ್ರೆ?"

"ಬೆಳಿಗ್ಗೆ ಬೇಗ, ಎರ್ಮಾಳಿನ ದೇವಸ್ಥಾನದಲ್ಲಿ. ನಿಮ್ಮ ಕೆಲಸಕ್ಕೆ ಒಂದು ಚೂರೂ ತೊಂದರೆ ಆಗ್ಲಿಕ್ಕಿಲ್ಲ, ನಾನು ಜವಾಬ್ದಾರಿ."

ಅವರು ಮತ್ತೇನೋ ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಸೋಫಾದಲ್ಲಿ ಕೂತಿದ್ದ ಚೈತನ್ಯಾ ಮೊಬೈಲು ಕೆಳಗಿಟ್ಟಳು. "ಅಪ್ಪಾ, ಅವತ್ತೇ ಮದುಮಗಳಾದವಳ ಕೈಯಿಂದ ನನಗೆ ಸಿಂಗಾರ. ಇದಕ್ಕಿಂತ ಒಳ್ಳೆಯ ಶಕುನ ಉಂಟಾ?"

ಮಗಳ ಮಾತಿನೆದುರು ಲೀಲಾಧರಣ್ಣ ಯಾವತ್ತು ಗೆದ್ದಿದ್ದರು? "ತಡ ಆದ್ರೆ ನಿಮ್ಮನ್ನು ಬಿಡುವುದಿಲ್ಲ ರತ್ನಕ್ಕ" ಎಂದು ಗೊಣಗಿ ಒಳಗೆ ಹೋದರು.

ಮದುವೆ ಆಯಿತು! ಸೂರ್ಯ ಸರಿಯಾಗಿ ಕಣ್ಣು ಬಿಡುವ ಮೊದಲೇ, ಶಂಕರಪುರದ ಮಲ್ಲಿಗೆಯ ಘಮದ ನಡುವೆ, ರೋಹಿತ್ ತಾಳಿ ಕಟ್ಟಿದ. ಕುಶಲಾ ಅತ್ತೂ ಅತ್ತೂ ರತ್ನಾವತಿಯಕ್ಕನ ಸೀರೆಯ ಸೆರಗು ಒದ್ದೆ ಮಾಡಿದಳು. ಝಾಕಿರ್ ರಾತ್ರಿಯೇ ಬಂದು ದೇವಸ್ಥಾನದ ಹೆಬ್ಬಾಗಿಲಿಗೆ ದುಡ್ಡು ತೆಗೆದುಕೊಳ್ಳದೆ ಮಾಲೆಮಾಲೆ ಬಲ್ಬು ಹಾಕಿಹೋಗಿದ್ದ. ಕಾಫಿ ತಿಂಡಿ ಮುಗಿದದ್ದೇ ಎಲ್ಲರೂ ಶಾಲೆಯ ವ್ಯಾನಿಗೆ. ಮಕ್ಕಳ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತ ಕಿಟ್ಟಣ್ಣ, "ನಮ್ಮ ಅಳಿಯನ ವ್ಯಾನು, ಸುಖವಾಗಿ ಉಂಟು" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ಯಾರೂ ಕೇಳಿರಲಿಲ್ಲ.

ಕಾಪುವಿನ ಕಲ್ಯಾಣ ಮಂಟಪದಲ್ಲಿ ಚೈತಾಲಿ ಧಾರೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚೈತನ್ಯಾಳ ಮುಂದೆ ಕೂತಳು. ರೋಹಿತ್ ವೇಷ್ಟಿ ಎತ್ತಿಕಟ್ಟಿ ಏಣಿ ಹತ್ತಿದ. ಒಂದು ನಿಮಿಷವೂ ತಡವಾಗಲಿಲ್ಲ. ಮಧ್ಯಾಹ್ನ ಚೈತನ್ಯಾಳ ಧಾರೆ ಮುಗಿದಾಗ ಅವಳು ದೇವಿಯ ಹಾಗೆ ಕಂಡಳು, ಲೀಲಾಧರಣ್ಣನೇ ಕಣ್ಣೊರೆಸಿಕೊಂಡರು.

ಊಟದ ಪಂಕ್ತಿಯಲ್ಲಿ ರತ್ನಾವತಿಯಕ್ಕನ ಪಕ್ಕ ಕೂತವರು ಲೀಲಾಧರಣ್ಣನ ತಂಗಿ, ಮುಂಬೈಯವರು. ಏಣಿಯ ಮೇಲೆ ಒಂದು ಹಠಮಾರಿ ಬಲ್ಬಿನೊಡನೆ ಗುದ್ದಾಡುತ್ತಿದ್ದವನ ಕೈಯಲ್ಲಿ ಅರಿಶಿನದ ಕಂಕಣ ಕಂಡು ಅವರಿಗೆ ಆಶ್ಚರ್ಯ. ಕೆಳಗೆ ಚೈತಾಲಿ, ಕೊರಳಲ್ಲಿ ಹೊಸ ಕರಿಮಣಿ, ಏಣಿಯನ್ನು ಎರಡೂ ಕೈಯಿಂದ ಹಿಡಿದು ಮೇಲೆ ನೋಡಿ ಏನೋ ಹೇಳುತ್ತಿದ್ದಳು. ಅವನು ನಗುತ್ತಿದ್ದ.

"ಇವತ್ತೇ ಮದುವೆಯಾದದ್ದಾ ಇವರು? ಹುಡುಗ ಎಂತ ಮಾಡುವುದು?"

ರತ್ನಾವತಿಯಕ್ಕನ ಬಾಯಿಗೆ ಹಳೆಯ ಅಭ್ಯಾಸದಂತೆ "ಬಿ" ಎಂಬ ಅಕ್ಷರ ಬಂತು. ನುಂಗಿಕೊಂಡರು. ಏಣಿಯ ಕಡೆ ಇನ್ನೊಮ್ಮೆ ನೋಡಿದರು.

"ದುಡಿಯುವುದು" ಎಂದರು.

ಮುಂಬೈಯ ಹೆಂಗಸು ಎಲೆಯ ಮೇಲಿನ ಹೋಳಿಗೆ ಮುರಿಯುತ್ತಾ ಆ ಇಬ್ಬರನ್ನು ಬಹಳ ಹೊತ್ತು ನೋಡಿದರು. ಆಮೇಲೆ ರತ್ನಾವತಿಯಕ್ಕನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು:

"ಇಂಥವ ಇನ್ನೊಬ್ಬ ಉಂಟಾ ರತ್ನಕ್ಕ? ನನ್ನ ಮಗಳಿಗೆ."