ಎಡಗೆನ್ನೆಯ ಗಾಯದ ಗೊಂಬೆ

ಜೀಡಿಮೆಟ್ಲಾದ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ನಾನು ಗೊಂಬೆಗಳಿಗೆ ಮುಖ ಬರೆಯುತ್ತಿದ್ದೆ. ಒಂದು ವರ್ಷ ದೊಡ್ಡ ತೆಲುಗು ಸಿನಿಮಾದ ಖಳನಾಯಕನ ಗೊಂಬೆ ಮಾಡುವ ಆರ್ಡರ್ ಬಂತು. ಗೇಣುದ್ದದ ಗೊಂಬೆ, ಕೈಯಲ್ಲಿ ಕತ್ತಿ, ಕೆನ್ನೆಯ ಮೇಲೆ ಕೆಂಪು ಗಾಯ. ಮೀಸೆ ಬರೆಯುವುದು ಪಕ್ಕದ ಸ್ಟೂಲಿನ ಗೆಳತಿಯ ಕೆಲಸ, ಗಾಯ ಬರೆಯುವುದು ನನ್ನದು. ನೋಡಿಕೊಂಡು ಬರೆಯಲು ಕೊಟ್ಟ ಫೋಟೊ ತಿರುವುಮುರುವಾಗಿ ಅಚ್ಚಾಗಿತ್ತಂತೆ. ಬಲಗೆನ್ನೆಯ ಗಾಯ ಅದರಲ್ಲಿ ಎಡಕ್ಕಿತ್ತು. ಸಿನಿಮಾ ಇನ್ನೂ ಬಿಡುಗಡೆಯಾಗಿರಲಿಲ್ಲ. ನಮಗೇನು ಗೊತ್ತು? ಇದ್ದಂತೆಯೇ ಬರೆದೆವು.

ಮೂರನೆಯ ದಿನ ಸೂಪರ್‌ವೈಸರ್ ಒಂದು ಗೊಂಬೆಯ ಕಾಲು ಹಿಡಿದುಕೊಂಡು ಬಂದ. "ಯೇ ಕಿಸ್ಕಾ ಕಾಮ್ ಹೈ?" ಎಂದು ಕೂಗಿದ. ಕೆಂಪು ಬಣ್ಣದ ಡಬ್ಬಿ ನನ್ನ ಮುಂದೆಯೇ ಇತ್ತು. ನನ್ನದು ಎಂದೆ. ಫೋಟೊ ತೋರಿಸಲು ಹೋದರೆ ಕೇಳಿಸಿಕೊಳ್ಳಲಿಲ್ಲ. ಗೊಂಬೆಗಳನ್ನೆಲ್ಲ ಪುಡಿ ಮಾಡುವ ಯಂತ್ರಕ್ಕೆ ಸುರಿದರು. ಮೊದಲೇ ನಾಂಪಲ್ಲಿ ಎಕ್ಸಿಬಿಷನ್ನಿಗೆ ಹೋಗಿದ್ದ ಒಂದು ಪೆಟ್ಟಿಗೆ ಮಾತ್ರ ಉಳಿಯಿತು. ಅಂದೇ ನನ್ನನ್ನು ಗೇಟಿನಿಂದ ಆಚೆ ಕಳಿಸಿದರು. ಗೆಳತಿ ತಲೆ ತಗ್ಗಿಸಿ ಮೀಸೆ ಬರೆಯುತ್ತಲೇ ಇದ್ದಳು.

ಹದಿನಾರು ವರ್ಷಗಳ ನಂತರ, ಹೋದ ಬೇಸಿಗೆಯಲ್ಲಿ ಅವಳ ಫೋನು ಬಂತು.

"ಯಕ್ಕಾ, ಆ ಗೊಂಬಿ ಒಂದು ನನ್ನ ಕಡಿ ಐತಿ. ಅವತ್ತ ಊಟದ ಚೀಲದಾಗ ಮುಚ್ಚಿಕೊಂಡು ತಂದಿದ್ದೆ. ಮಾದಾಪುರದ ಒಬ್ಬ ಇಂಜಿನಿಯರ್ ಭಾಳ ಹುಡುಕಾಕತ್ತಾನ, ರೊಕ್ಕ ಕೊಡ್ತಾನಂತ. ಗಾಯ ಬರದಾಕಿನ್ನ ಕರಕೊಂಡ ಬಾ ಅಂತಾನ. ನೀ ಬಂದು ಹೌದು ಅಂದ್ರ ಸಾಕು."

ಹೋದೆ. ನನ್ನ ತಪ್ಪನ್ನು ಯಾರೋ ಹುಡುಕುತ್ತಿದ್ದಾರೆ ಎಂಬುದೇ ನನಗೆ ನಂಬಲಾಗದ ಮಾತಾಗಿತ್ತು.

ಹದಿನಾಲ್ಕನೆಯ ಮಹಡಿಯ ಮನೆ. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಒಳಗೆ ಸಾಲು ಸಾಲು ಸಿನಿಮಾ ಗೊಂಬೆಗಳು. ಇಂಜಿನಿಯರ್ ಮೈಸೂರಿನವನು, ಇಪ್ಪತ್ತೈದರ ಆಸುಪಾಸು. ನಾನು ಕಪಾಟು ನೋಡುತ್ತಿದ್ದುದನ್ನು ಕಂಡು ತಾನೇ ಹೇಳಿದ.

"ಬಲಗೆನ್ನೆಯದು ಬೇಕಾದಷ್ಟು ಸಿಗುತ್ತಮ್ಮ. ಎಡಗೆನ್ನೆಯದು ಹೊರಗೆ ಬಂದಿದ್ದು ಒಂದೇ ಪೆಟ್ಟಿಗೆ, ಅದನ್ನೂ ಮಕ್ಕಳು ಆಡಿ ಮುರಿದು ಹಾಕಿದ್ರು. ಆ ಮಕ್ಕಳಲ್ಲಿ ನಾನೂ ಒಬ್ಬ. ರಜಕ್ಕೆ ಇಲ್ಲಿಗೆ ಬಂದಾಗ ಅಪ್ಪ ಕೊಡಿಸಿದ್ರು. ಈಗ ನಮ್ಮ ವಯಸ್ಸಿನವರೆಲ್ಲ ಅದನ್ನೇ ಹುಡುಕ್ತಿದ್ದಾರೆ. ಹುಡುಕೋರು ಹೆಚ್ಚಾದ ಮೇಲೆ ನಕಲಿನೂ ಬಂತು. ಎರಡು ಸಲ ಮೋಸ ಹೋಗಿದೀನಿ."

ಭೂತಗನ್ನಡಿಯನ್ನು ನನ್ನ ಕೈಗಿಟ್ಟ. ಗೆಳತಿ ಹಳೆಯ ಕುಪ್ಪಸದ ಬಟ್ಟೆಯಿಂದ ಗೊಂಬೆಯನ್ನು ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದಳು.

ನಾನು ಗಾಯವನ್ನು ಕಣ್ಣಿನ ಕೆಳಗಿನಿಂದ ಶುರು ಮಾಡಿ ದವಡೆಯತ್ತ ಎಳೆಯುತ್ತಿದ್ದೆ. ಮೇಲೆ ದಪ್ಪ, ಕೆಳಗೆ ಸಣ್ಣಗೆ. ಇದು ಕೆಳಗೆ ದಪ್ಪವಾಗಿತ್ತು. ಭೂತಗನ್ನಡಿಯನ್ನು ಹತ್ತಿರ ತಂದೆ, ದೂರ ಹಿಡಿದೆ. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಈ ಗೆರಿ ನಂದಲ್ಲ," ಎಂದೆ.

ಇಂಜಿನಿಯರನ ಮುಖ ಬಿಗಿಯಿತು. "ಹಾಗಾದ್ರೆ ಇದೂ ನಕಲಿ. ನೀವಿನ್ನು ಹೊರಡಬಹುದು," ಎಂದು ಗೆಳತಿಗೆ ಹೇಳಿದ.

ಅವಳು ಏಳಲಿಲ್ಲ. "ನಕಲಿ ಅಲ್ರಿ, ಅದು ನಾ ಬರದದ್ದು," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಎರಡನೇ ದಿನ ನಿನಗ ಜ್ವರ ಬಂದಿತ್ತು. ಊಟ ಆದಮ್ಯಾಗ ಗೋಡೌನಿನ್ಯಾಗ ಮಲಗಿದ್ದಿ. ನಿನ್ನ ಪಾಲಿಂದು ಅರ್ಧ ನಾನ ಬರದೆ. ಸಾಹೇಬ ಕೇಳಿದಾಗ ಬಾಯಿ ಬಿಡಲಿಲ್ಲ."

ಹೌದು, ಮಲಗಿದ್ದೆ. ಎದ್ದು ಬಂದಾಗ ಟ್ರೇ ತುಂಬಿತ್ತು. ಜ್ವರದ ಮಂಪರಿನಲ್ಲಿ ನಾನೇ ಬರೆದಿಟ್ಟಿದ್ದೇನೆ ಅಂದುಕೊಂಡಿದ್ದೆ.

ಇಂಜಿನಿಯರನಿಗೆ ನಂಬಿಕೆ ಬರಲಿಲ್ಲ. "ಇದು ಈಗ ಕಟ್ಟಿದ ಕಥೆ ಅಲ್ಲ ಅಂತ ಹೇಗೆ ನಂಬಲಿ? ನೀವು ಹೇಳಿ ಅಮ್ಮ."

ನನಗೆ ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಅವಳು ಗೊಂಬೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಲಿಫ್ಟ್ ಇಳಿಯುತ್ತಿದ್ದಳು. ಹಾಗೆ ಇಳಿಯಲಿ ಎಂದು ಒಂದು ಕ್ಷಣ ನನಗೆ ನಿಜವಾಗಿಯೂ ಅನ್ನಿಸಿತು. ಕೆಲಸ ಹೋದ ಮೇಲೆ ನಾನು ಎರಡು ವರ್ಷ ಬೇರೆಯವರ ಮನೆಯ ಪಾತ್ರೆ ತಿಕ್ಕಿದ್ದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಮ್ಮೆಯೂ ಮನೆಗೆ ಬಂದಿರಲಿಲ್ಲ.

ಭೂತಗನ್ನಡಿಯನ್ನು ಮತ್ತೆ ಎತ್ತಿಕೊಂಡೆ. ಈ ಸಲ ಮೀಸೆ ನೋಡಿದೆ. ಅವಳು ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಕುಂಚ ಒತ್ತುತ್ತಿದ್ದಳು. ಎಷ್ಟು ಹೇಳಿದರೂ ಬದಲಾಯಿಸಿಕೊಂಡಿರಲಿಲ್ಲ. ಮೀಸೆಯ ತುದಿಗಳು ಸಣ್ಣಗೆ ಮೇಲೆದ್ದಿದ್ದವು. ಗಾಯವೂ ಕೆಳಗೆ ದಪ್ಪವಾಗಿ ಶುರುವಾಗಿ ಮೇಲೆ ಸಣ್ಣಗಾಗಿತ್ತು, ಅದೇ ಕೈಯದು. ಮೀಸೆಯ ಕಪ್ಪು, ಗಾಯದ ಕೆಂಪು ಎರಡೂ ಒಂದೇ ರೀತಿ ಬಿರುಕುಬಿಟ್ಟಿದ್ದವು.

"ಮೀಸಿ ಬರದ ಕೈನ ಗಾಯಾನೂ ಬರದೈತ್ರಿ," ಎಂದೆ. "ಎರಡೂ ಅವತ್ತಿನ ಬಣ್ಣ. ನಮ್ಮ ಫ್ಯಾಕ್ಟರಿದ ಐತಿ, ತಗೋರಿ."

ಅವನು ಬಹಳ ಹೊತ್ತು ತಾನೂ ಭೂತಗನ್ನಡಿ ಹಿಡಿದು ನೋಡಿದ. ಆಮೇಲೆ ಗೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿ ಕಪಾಟಿನ ನಡುವಿನ ಖಾನೆಯಲ್ಲಿಟ್ಟ.

ಬಸ್ ಸ್ಟಾಪಿನಲ್ಲಿ ಬಿಸಿಲು ಸುಡುತ್ತಿತ್ತು. ಇಬ್ಬರೂ ಒಂದೇ ಕಂಬದ ನೆರಳಿನಲ್ಲಿ ನಿಂತೆವು.

"ಆಗ ನಾ ಏಳು ತಿಂಗಳ ಬಸುರಿದ್ದೆ ಯಕ್ಕಾ. ಕೆಲಸ ಹೋಗತೈತಿ ಅಂತ ಹೆದರಿದ್ದೆ," ಎಂದಳು.

"ನನಗ ಹೇಳಿದ್ರ ನಾನ ಒಪ್ಪಿಕೊಳ್ತಿದ್ದೆ. ಹೆಂಗೂ ಒಬ್ಬಾಕಿದು ಹೋಗೋದಿತ್ತು. ಆದ್ರ ನೀ ಹೇಳಬೇಕಿತ್ತು."

ಅವಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬಾಲಾನಗರದ ಬಸ್ಸು ಬಂದಾಗ ಹತ್ತಿ, ಕಿಟಕಿಯ ಬಳಿ ಕೂತು, ಪಕ್ಕದ ಸೀಟಿನಲ್ಲಿ ಚೀಲ ಇಟ್ಟೆ. ಅವಳೂ ಹತ್ತಿ ಬಂದು ಆ ಸೀಟಿನ ಹತ್ತಿರ ನಿಂತಳು, ಕೂರಲಿಲ್ಲ. ನಾನು ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡೆ.